ಅರವತ್ತೊಂದನೆಯ ಪೆಟ್ಟಿಗೆ

ನನ್ನ ಕೆಲಸ ಕತ್ತರಿಸುವುದು.
ಮಾರ್ಚಿಯಲ್ಲಿ ಕೊಯ್ದ ಸೇಬು ಆಗಸ್ಟಿನಲ್ಲಿ ನನ್ನ ಮೇಜಿಗೆ ಬರುತ್ತದೆ,
ಮೂವತ್ತೆಂಟು ಡಿಗ್ರಿಯ ಕತ್ತಲಲ್ಲಿ ಐದು ತಿಂಗಳು ಮಲಗೆದ್ದು,
ಮೈತುಂಬ ಬೆವರಿಕೊಂಡು.
ತೊಟ್ಟಿನಿಂದ ತಳಕ್ಕೆ ಒಂದೇ ಏಟು.
ಒಳಗೆ ಬೆಳ್ಳಗಿದ್ದರೆ ಸೊನ್ನೆ.
ಗಸಗಸೆಯಷ್ಟು ಕಂದಿದ್ದರೆ ಒಂದು.
ಬೆಂಡಾಗಿ, ಕಂದಾಗಿ, ಬೀಜದ ಮನೆಯೇ ಸುಟ್ಟಂತಿದ್ದರೆ ನಾಲ್ಕು.
ಎರಡಕ್ಕೂ ಮೂರಕ್ಕೂ ಸದಾ ತಕರಾರು,
ಅದನ್ನು ಚಹಾ ಕುಡಿದ ಮೇಲೆ ಬಗೆಹರಿಸುತ್ತೇನೆ.
ತಿನ್ನುವ ಹಾಗಿಲ್ಲ. ಗೋಡೆಯ ಮೇಲೆ ಬರೆದಿದೆ.

ಹೊರಗಿನಿಂದ ನೋಡಿ, ಒಂದಕ್ಕೂ ಕಲೆಯಿಲ್ಲ.

ಗುಡ್ಡದ ತೋಟದ ಗಾಟ್‌ಫ್ರೀಡ್ ಲಾಂಕೆ ಟೋಪಿ ಹಿಂಡುತ್ತ ನಿಂತ:
'ನಿಮ್ಮ ತಣ್ಣನೆ ಕೋಣೆಯೇ ಕೆಡಿಸಿತು ನನ್ನ ಹಣ್ಣು.'
ಕೋಣೆಯವರು ಹಡಗನ್ನು ತೋರಿಸಿದರು,
ಹಡಗಿನವರು ಕೊಯ್ಯುವ ಹುಡುಗರನ್ನು,
ಹುಡುಗರು ಮಳೆಯನ್ನು.
ಮಳೆಗೆ ನಮ್ಮ ಕಚೇರಿಯ ವಿಳಾಸ ಗೊತ್ತಿಲ್ಲ.

ತಾಮತಿ ಬಂದದ್ದು ಆ ಚಳಿಗಾಲ,
ಹೆಗಲ ಮೇಲೆ ಆಳೆತ್ತರದ ಬೈರಿಗೆ,
ಬೂಟಿನಲ್ಲಿ ಮೂರು ಊರಿನ ಕೆಸರು.
ಮೌತೆರೆ ಗುಡ್ಡಗಳ ಮಣ್ಣು ಅಳೆಯಲು ಕಳಿಸಿದ್ದಾರಂತೆ.
ಹಳೆಯ ಪತ್ರಿಕೆ ಹಾಸಿ, ನೆಲದೊಳಗಿಂದ ಎಳೆದದ್ದನ್ನು
ಉದ್ದಕ್ಕೆ ಮಲಗಿಸುತ್ತಿದ್ದ, ಹಾವಿನ ಪೊರೆಯ ಹಾಗೆ:
ಬೂದು, ಅದರಡಿ ಹಳದಿ, ಅದರಡಿ ತುಕ್ಕಿನ ಬಣ್ಣದ ಜಲ್ಲಿ.
ಚಿಟಿಕೆ ತೆಗೆದು ಉಗುಳು ಹಾಕಿ ಉಜ್ಜಿ,
ಕಿವಿಯ ಹತ್ತಿರ ಹಿಡಿಯುತ್ತಿದ್ದ. ಮರಳಾದರೆ ಕರಕರ ಅನ್ನುತ್ತದೆ,
ಜೇಡಿಯಾದರೆ ಸುಮ್ಮನಿರುತ್ತದೆ.
'ನಮ್ಮಜ್ಜಿ ಇದಕ್ಕೆ ಉಕು ಅನ್ನುತ್ತಿದ್ದಳು' ಎಂದ.
'ಕೆಳಗೆ ಬಯಲಲ್ಲಿ ಗೆಣಸಿನ ಬೇರು ಬೆಚ್ಚಗಿರಲೆಂದು
ನಮ್ಮ ಹಿಂದಿನವರು ಬುಟ್ಟಿಬುಟ್ಟಿ ಜಲ್ಲಿ ಹೊತ್ತು ಸುರಿದಿದ್ದಾರೆ.
ಮನುಷ್ಯರು ಮಾಡಿದ ಮಣ್ಣು. ಅದಕ್ಕೂ ಒಂದು ಬಣ್ಣ ಕೊಡಬೇಕು.'
ಇಲಾಖೆಯ ಪಟ್ಟಿಯಲ್ಲಿ ಅಂಥ ಬಣ್ಣ ಇರಲಿಲ್ಲ.
ನನ್ನ ಮಸಿಯಲ್ಲಿ ಚಹಾ ಬೆರೆಸಿ ಮಾಡಿಕೊಂಡ.

ಒಂದು ಸಂಜೆ ಸೀಮೆಎಣ್ಣೆ ಒಲೆಯ ಪಕ್ಕ
ಅವನ ನಕ್ಷೆ ಒಣಗುತ್ತಿತ್ತು, ನಾಲ್ಕು ಮೂಲೆಗೂ ನಾಲ್ಕು ಸೇಬು.
ಬೇರೆ ಕೆಲಸವಿಲ್ಲದೆ ನಾನು
ಪೆಟ್ಟಿಗೆಗಳ ಪುಸ್ತಕ ತೆರೆದು ಗುಂಡುಸೂಜಿ ಚುಚ್ಚತೊಡಗಿದೆ.
ಸೊನ್ನೆ ಬಂದ ತೋಟಕ್ಕೆ ಬಿಳಿ ತಲೆಯದು, ನಾಲ್ಕಕ್ಕೆ ಕೆಂಪು.
ಬಿಳಿಯವು ಎಲ್ಲೆಂದರಲ್ಲಿ, ನದಿಯ ಮೆಕ್ಕಲಿನ ಉದ್ದಕ್ಕೂ ಚೆಲ್ಲಿಕೊಂಡವು.
ಕೆಂಪಿನವು ಹಳದಿ ಬಿಟ್ಟು ಕದಲಲಿಲ್ಲ.
ಮೂವತ್ತನೆಯದು ಚುಚ್ಚುವಾಗ ನನ್ನ ಕೈ ನಿಂತಿತು.
ತಾಮತಿ ಏನೂ ಅನ್ನಲಿಲ್ಲ,
ಒಲೆಯ ಬತ್ತಿ ಸ್ವಲ್ಪ ಏರಿಸಿದ.

ಕೋಣೆ ಕೆಡಿಸಿರಲಿಲ್ಲ. ಹಡಗೂ ಅಲ್ಲ.
ಹೂವಾಗುವ ಮೊದಲೇ ಹಣ್ಣಿಗೆ ಏನೋ ಕೊರೆಯಾಗಿತ್ತು.
ನಾವು ಕೊರತೆಯನ್ನೇ ಐದು ತಿಂಗಳು ಜೋಪಾನವಾಗಿ
ತಣ್ಣಗಿಟ್ಟು ಕಾದಿದ್ದೆವು.

ಏನು ಇಲ್ಲ ಎಂದು ತಿಳಿಯಲು ಎರಡು ವರ್ಷ.
ಸುಣ್ಣ ಹಾಕಿದೆವು, ಅಲ್ಲ. ಉಪ್ಪು ಹಾಕಿದೆವು, ಅಲ್ಲ.
ಕೊನೆಗೆ ಸಿಕ್ಕಿದ್ದು ಬೋರಾಕ್ಸ್,
ನಮ್ಮಮ್ಮ ಸೋಮವಾರದ ಬಟ್ಟೆಗೆ ಹಾಕುವ ಬಿಳಿ ಪುಡಿ.
ಮರಕ್ಕೆ ಅರ್ಧ ಪೌಂಡು, ಬುಡದ ಸುತ್ತ.
ಲಾಂಕೆ ನಗುವುದಕ್ಕೆ ಕುಳಿತೇಬಿಟ್ಟ.
ಆಮೇಲೆ, ಅರ್ಧಕ್ಕೇ ಅಷ್ಟು ಗುಣವಾದರೆ ಎಂದು
ಮನೆಯ ಹಿಂದಿನ ಸಾಲಿಗೆ ಬಕೀಟುಗಟ್ಟಲೆ ಸುರಿದ.
ಹನ್ನೊಂದು ಮರ ಅಂಚಿನಿಂದ ಸುಟ್ಟುಕೊಂಡು ನಿಂತವು.
ಈಗಲೂ ಆ ಸಾಲನ್ನು 'ಮಿಸ್ ಟ್ರೆಗೆನ್ಜಾ ಒಗೆದದ್ದು' ಅನ್ನುತ್ತಾನೆ.
ಅನ್ನಲಿ.

ಈ ಆಗಸ್ಟಿನಲ್ಲಿ ಅವನದೇ ಗುಡ್ಡದ ಸ್ಟರ್ಮರ್,
ಅರವತ್ತೊಂದನೆಯ ಪೆಟ್ಟಿಗೆ.
ಕತ್ತರಿಸಿದೆ. ಬಿಳಿ.
ಇನ್ನೊಂದು. ಬಿಳಿ.
ಎಷ್ಟೋ ವರ್ಷ ನಾಲ್ಕು ಬರೆದು ಪಳಗಿದ ಕೈ
ಸೊನ್ನೆಯನ್ನು ಸೊಟ್ಟಗೆ ಬರೆಯಿತು.
ತಾಮತಿಗೆ ಹೇಳೋಣವೆಂದರೆ ಅವನು ದೂರದ ದಕ್ಷಿಣದಲ್ಲಿ,
ಬೇರೆ ಯಾವುದೋ ಗುಡ್ಡಕ್ಕೆ ಬೈರಿಗೆ ತಿರುಗಿಸುತ್ತಿದ್ದ.

ಕಿಟಕಿಯತ್ತ ತಿರುಗಿ ನಿಂತು ಕಚ್ಚಿದೆ.
ಹುಳಿ. ಹಲ್ಲು ಜುಮ್ಮೆಂದಿತು, ತಂಪಿಗೋ ಹುಳಿಗೋ.
ತೊಟ್ಟು ಮಾತ್ರ ಉಳಿಯಿತು.

ಲೆಕ್ಕದಲ್ಲಿ ಒಂದು ಕಡಿಮೆ.
ಷರಾ ಇರುವ ಕಡೆ ಬರೆದೆ:
ಕೈಜಾರಿತು.